ಹುಲ್ಲಿನ ಕೆಲಸಕ್ಕ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್: ಎಳಿಯೋದು ಆಮ್ಯಾಲೆ, ನಿಂತಲ್ಲೆ ತಿರಗಸ್ತೈತೋ ಇಲ್ಲೋ ಮೊದಲ ನೋಡ್ರಿ

ಭತ್ತದ ಕೊಯ್ಲು ಮುಗಿದು ಗದ್ದ್ಯಾಗ ಹುಲ್ಲಿನ ಸಾಲು ಬಿದ್ದ ಕೂಡ್ಲೇ ನನಗ ಫೋನ್ ಶುರು ಆಗ್ತಾವ. ಹಾವೇರಿಯಿಂದ ಹಾನಗಲ್‌ಗೆ ಹೋಗೋ ರೋಡಿನ್ಯಾಗ ನಮ್ಮ ಗ್ಯಾರೇಜ್, ಇಪ್ಪತ್ತೆರಡು ವರ್ಷ ಆತು ಟ್ರ್ಯಾಕ್ಟರ್ ಬಿಚ್ಚಿ ಜೋಡಸ್ಕೋತ ಬಂದೇನಿ, ಆದ್ರ ಈ ನಾಕೈದು ವರ್ಷದಾಗ ಮಂದಿ ಕೇಳೋದು ಹೆಚ್ಚು ಒಂದ ಮಾತು: "ಅಣ್ಣಾ, ಒಂದು ಹಳೇ ಗಾಡಿ ನೋಡೇನಿ, ಹುಲ್ಲು ಪೆಂಡಿ ಕಟ್ಟೋ ಬೇಲರ್ ಹಚ್ಚಬೇಕಂತ ಮಾಡೇನಿ, 50 ಎಚ್‌ಪಿ ಐತಿ, ನಡಿತೈತಿಲ್ಲ?" ನಾನು ಎಚ್‌ಪಿ ಬಿಟ್ಟು ಕ್ಲಚ್ ಸಿಂಗಲ್ಲೋ ಡಬಲ್ಲೋ ಅಂತ ಕೇಳ್ತೇನಿ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲೆ, "ಅದನ್ನ ಕೇಳಿಲ್ಲಣ್ಣಾ, ಆದ್ರ ಪೇಂಟ್ ಅಂತೂ ಶೋರೂಮ್ ಗಾಡಿ ಇದ್ದಂಗ ಐತಿ."

ನೋಡ್ರಿ, ರಂಟಿ ಹೊಡ್ಯಾಕ, ಟ್ರೇಲರ್ ಎಳ್ಯಾಕ ತಗೊಳ್ಳಾವ್ರು ಎಚ್‌ಪಿ ಕೇಳೋದು ಬರೋಬ್ಬರಿ ಐತಿ, ಅಲ್ಲಿ ಗಾಡಿ ಜಗ್ಗಬೇಕು. ಹುಲ್ಲಿನ ಕೆಲಸದಾಗ ಜಗ್ಗೋದು ಸಣ್ಣದು, ಹಿಂದಿನ ಪಿಟಿಓ ಶಾಫ್ಟ್, ಅಂದ್ರ ಎಂಜಿನ್ ಶಕ್ತಿ ಹಿಂದಿನ ಮಷೀನಿಗೆ ಕೊಡೋ ದಂಡ, ಅದನ್ನ ತಿರಗಸೋದ ದೊಡ್ಡದು. ಬೇಲರ್, ಹುಲ್ಲು ಸಾಲು ಮಾಡೋ ತಿರಗೋ ರೇಕ್, ಮೇವು ಕತ್ತರಿಸೋ ಮಷೀನ್, ಎಲ್ಲಾ ಆ ಶಾಫ್ಟಿನ ಮ್ಯಾಲೇ ಬದುಕ್ತಾವ. ಅದೂ ಗಾಡಿ ಓಡ್ತಿದ್ದಾಗ ಅಷ್ಟ ಅಲ್ಲ, ನಿಂತಾಗೂ ತಿರಗಬೇಕು.

ಉಂಡಿ ಪೆಂಡಿ ಕಟ್ಟೋ ಸಣ್ಣ ರೌಂಡ್ ಬೇಲರ್ ತಗೋರಿ. ಸಾಲಿನ ಮ್ಯಾಲೆ ಹೊಂಟಾಗ ಹುಲ್ಲು ಒಳಗ ಎಳ್ಕೊಂಡು ಸುತ್ತತೈತಿ, ತುಂಬಿದ ಕೂಡ್ಲೇ ಡ್ರೈವರ್ ಗಾಡಿ ನಿಲ್ಲಸಬೇಕು, ಒಳಗ ದಾರ ಸುತ್ತೋತನಾ ಶಾಫ್ಟ್ ತಿರಗತಾನ ಇರಬೇಕು, ಆಮ್ಯಾಲೆ ಹಿಂದಿನ ಬಾಗಲಾ ತಗದು ಪೆಂಡಿ ಉರುಳಸಿ ಮತ್ತ ಮುಂದ ಹೋಗಬೇಕು. ಒಂದು ಎಕರೆದಾಗ ಇದನ್ನ ಎಷ್ಟ್ ಸಲ ಮಾಡ್ತೀರಿ ಎಣಸ್ರಿ. ಸಿಂಗಲ್ ಕ್ಲಚ್ ಗಾಡ್ಯಾಗ ಕ್ಲಚ್ ಒತ್ತಿದ್ರ ಗಾಡಿನೂ ನಿಲ್ತೈತಿ ಶಾಫ್ಟೂ ನಿಲ್ತೈತಿ, ಗೇರ್ ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ರ ಹೊಟ್ಟಿ ತುಂಬಿದ ಬೇಲರನ್ನ ನಿಂತಲ್ಲಿಂದ ಮತ್ತ ತಿರಗಸಬೇಕು, ಆ ಝಟಕಾ ಎಲ್ಲಾ ಬೀಳೋದು ಕ್ಲಚ್ ಪ್ಲೇಟಿನ ಮ್ಯಾಲೆ. ಹುಲ್ಲು ಗಚ್ಚಾಗಿ ಒಳಗ ಸಿಕ್ಕೊಂಡಾಗೂ ಇದ ಕತಿ, ಗಾಡಿ ನಿಲ್ಲಸಿ ಶಾಫ್ಟ್ ತಿರಗಾಕ ಬಿಟ್ರ ಅದು ತಾನ ನುಂಗತೈತಿ, ಶಾಫ್ಟೂ ನಿಂತ್ರ ಇಳದು ಕುಡುಗೋಲು ತಗೊಂಡು ಹರೀಬೇಕು.

ಹೋದ ವರ್ಷದ ಹಿಂದಿನ ವರ್ಷ ಅಕ್ಕಿಆಲೂರ ಕಡೆಯವ್ರು ಒಬ್ರು, ನನಗಿಂತ ಹಿರ್ಯಾರು, ಕಾಕಾ ಅಂತನ ಕರಿತೇನಿ, ಒಂದು ದೊಡ್ಡ ಗಾಡಿ ತಂದ್ರು. ಎಂಜಿನ್ ಗಟ್ಟಿ, ಟೈರ್ ಚಲೋ, ನಾನೂ ಕೆಟ್ಟದ್ದು ಅನ್ನಂಗಿಲ್ಲ. ಸಿಂಗಲ್ ಕ್ಲಚ್. ಹನ್ನೆರಡನೇ ದಿನಕ್ಕ ಗದ್ದ್ಯಾಗ ನಿಂತು ಫೋನ್ ಮಾಡಿದ್ರು, "ಸುಟ್ಟ ವಾಸನಿ ಬರಾಕತ್ತೈತಿ ತಮ್ಮಾ, ವೈರ್ ಸುಟ್ಟಿರಬೇಕು." ಹೋಗಿ ಮೂಸಿ ನೋಡಿದ ಕೂಡ್ಲೇ ಗೊತ್ತಾತು, ವೈರ್ ಅಲ್ಲ. ಕ್ಲಚ್ ಬದಲ್ಸಾಕ ಟ್ರ್ಯಾಕ್ಟರಿನ ನಡಾ ಬಿಚ್ಚಿ ಎರಡು ಭಾಗ ಮಾಡಬೇಕು, ಅದು ಗದ್ದ್ಯಾಗ ಆಗೂ ಕೆಲಸ ಅಲ್ಲ, ಗ್ಯಾರೇಜಿಗೆ ಎಳ್ಕೊಂಡು ಬಂದು ಬಿಚ್ಚಿ ಜೋಡ್ಸೂದ್ರಾಗ ನಾಕು ದಿನ ಹೋತು, ಐದನೇ ದಿನಕ್ಕ ಮಳಿ. ಹಸಿ ಹುಲ್ಲು ಪೆಂಡಿ ಕಟ್ಟಂಗಿಲ್ಲ, ನೀರಿನಂಶ 20 ಪರ್ಸೆಂಟ್ ದಾಟಿದ್ರ ಒಳಗ ಕಾವು ಹಿಡದು ಬೂಸರಾ ಬರತೈತಿ. ಕಾಕಾಗ ಆ ವರ್ಷದ ಬಾಡಿಗಿ ಸೀಸನ್ನ ಹೋತು.

ಡಬಲ್ ಕ್ಲಚ್ಚಿನ್ಯಾಗ ಗಾಡಿ ಅಷ್ಟ ನಿಲ್ಲಸಿ ಶಾಫ್ಟ್ ತಿರಗಾಕ ಬಿಡಾಕ ಬರತೈತಿ. ಹಂಗಾರ ಡಬಲ್ ಕ್ಲಚ್ ಐತಿ ಅಂತ ಮಾರಾಂವ ಹೇಳಿದ್ರ ನಂಬೂದ? ಕಾಲಲೆ ನೋಡ್ರಿ. ಬಯಲಿಗೆ ತಗೊಂಡು ಹೋಗ್ರಿ, ಪಿಟಿಓ ಹಾಕ್ರಿ, ಒಂದನೇ ಗೇರಿನ್ಯಾಗ ನಿಧಾನ ಬಿಡ್ರಿ, ಒಬ್ರು ಹಿಂದ ದೂರ ನಿಂತು ಶಾಫ್ಟ್ ನೋಡ್ಲಿ. ಕ್ಲಚ್ ಅರ್ಧ ಒತ್ತಿದಾಗ ಗಾಡಿ ನಿಲ್ಲಬೇಕು, ಶಾಫ್ಟ್ ತಿರಗತಿರಬೇಕು. ಪೂರ್ತಿ ಒತ್ತಿದಾಗ ಶಾಫ್ಟೂ ನಿಲ್ಲಬೇಕು. ಅರ್ಧಕ್ಕ ಕಾಲಿಗೆ ಒಂದು ತಡಿ ಹತ್ತತೈತಿ, ಮೆಟ್ಟಲದ ಮ್ಯಾಲೆ ಕಾಲಿಟ್ಟಂಗ, ಅಲ್ಲಿಂದ ಮುಂದ ಪೆಡಲ್ ಬಿರುಸು ಆಕ್ಕೈತಿ. ಆ ತಡಿ ಸಿಗಲಿಲ್ಲಂದ್ರ ಇಲ್ಲಾ ಅಡ್ಜಸ್ಟ್‌ಮೆಂಟ್ ಹೋಗೇತಿ ಇಲ್ಲಾ ಪ್ಲೇಟ್ ಸವದಾವ, ಹೊರಗ ನಿಂತು ಯಾವುದು ಅಂತ ಹೇಳಾಕ ಬರಂಗಿಲ್ಲ, ಅದಕ್ಕ ಪ್ಲೇಟ್ ಅಂತನ ತಿಳಕೊಂಡು ರೇಟ್ ಮಾತಾಡ್ರಿ. ಈಗಿನ ಕೆಲವು ಮಾಡೆಲ್‌ಗೆ ಪಿಟಿಓಕ್ಕ ಬ್ಯಾರೇ ಕೈಹಿಡಿನ ಇರತೈತಿ, ಮೇನ್ ಕ್ಲಚ್ಚಿಗೂ ಅದಕ್ಕೂ ಸಂಬಂಧ ಇರಂಗಿಲ್ಲ, ಸಿಕ್ರ ಹುಲ್ಲಿನ ಕೆಲಸಕ್ಕ ಅದರಷ್ಟು ಚಲೋ ಯಾವುದೂ ಇಲ್ಲ. ಒಂದು ಮಾತು, ಶಾಫ್ಟ್ ತಿರಗೂಮುಂದ ಹತ್ರ ಟವೆಲ್ ಧೋತರ ಹಾಕ್ಕೊಂಡು ಹೋಗಬ್ಯಾಡ್ರಿ. 540 ಆರ್‌ಪಿಎಂ ಅಂದ್ರ ಸೆಕೆಂಡಿಗೆ 9 ಸುತ್ತು, ಕೈ ಹಿಂದ ತಗೊಳ್ಳೋ ಟೈಮ್ ಸಿಗಂಗಿಲ್ಲ.

ಎಂಜಿನ್ ಬಂದ್ ಮಾಡಿ ಶಾಫ್ಟಿನ ತುದಿ ಕೈಯಾಗ ಹಿಡದು ಮ್ಯಾಲೆ ಕೆಳಗ ಅಲ್ಲಾಡ್ಸ್ರಿ. ಲಟಲಟ ಅಂದ್ರ ಬೇರಿಂಗ್ ಹೋಗೇತಿ. ತುದಿಗೆ ಆರು ಹಲ್ಲು ಇರ್ತಾವ, ಅವುಗಳ ಅಂಚು ಚೂಪಾಗಿದ್ರ ಗಾಡಿ ವರ್ಷಗಟ್ಲೆ ರೋಟಾವೇಟರ್ ಇಲ್ಲಾ ರಾಶಿ ಮಷೀನ್ ಹೊಡದೈತಿ ಅಂತ ಅರ್ಥ, ತಾಸು ಎಣಸೋ ಮೀಟರ್ ಏನರ ತೋರಸ್ಲಿ. ಮೀಟರ್ ವೈರ್ ತಗಿಯೋದು ಐದ ನಿಮಿಷದ ಕೆಲಸರಿ, ಹಲ್ಲು ತಿರುಗಿ ಬೆಳಸಾಕ ಆಗಂಗಿಲ್ಲ. ಶಾಫ್ಟಿನ ಬುಡದಾಗ ಆಯಿಲ್ ಜಿನಗತಿದ್ರ ಅಲ್ಲಿ ಬೆರಳಾಡಸಿ ನೋಡ್ರಿ, ಭತ್ತದ ಹುಲ್ಲಿನ ಎಳಿ, ಪ್ಲಾಸ್ಟಿಕ್ ದಾರ ಸುತ್ಕೊಂಡು ಸೀಲ್ ಕೊಯ್ದಿರ್ತಾವ.

ಈಗ ಎಚ್‌ಪಿಗೆ ಬರೂಣು. ಎಂಜಿನ್ ಮ್ಯಾಲೆ ಬರದಿದ್ದು ಪೂರ್ತಿ ಶಾಫ್ಟಿಗೆ ಬರಂಗಿಲ್ಲ, 45 ಎಚ್‌ಪಿ ಗಾಡ್ಯಾಗ 38-40 ಸಿಕ್ರ ಚಲೋ. ಹದಿನೈದಿಪ್ಪತ್ತು ಕಿಲೋ ಪೆಂಡಿ ಕಟ್ಟೋ ಸಣ್ಣ ರೌಂಡ್ ಬೇಲರಿಗೆ 40ರ ಆಜೂಬಾಜೂ ಗಾಡಿ ಸಾಕು. ಚೌಕ ಪೆಂಡಿ ಬೇಲರ್ ಹಂಗಲ್ಲ, ಒಳಗ ಪಿಸ್ಟನ್ ಇದ್ದಂಗ ಒಂದು ನಿಮಿಷಕ್ಕ ಎಂಬತ್ತರಿಂದ ನೂರು ಸಲ ಹೊಡಿತಿರತೈತಿ, ಹಗುರ ಗಾಡಿ ಅದರ ಜೋಡಿ ಕುಣಿತೈತಿ, 50 ಬೇಕಬೇಕು, ತೂಕಾನೂ ಬೇಕು. ಮಹೀಂದ್ರಾ 575, ಸ್ವರಾಜ್ 744, ಮ್ಯಾಸಿ 241, ಇಂಥಾ 40-50ರ ನಡುವಿನ ಗಾಡಿ ನಮ್ಮ ಕಡೆ ಊರಿಗೆ ಹತ್ತು ಅದಾವ, ಸಾಮಾನು ಹಾವೇರ್ಯಾಗ ಸಿಗಲಿಲ್ಲಂದ್ರ ಹುಬ್ಬಳ್ಳಿಗೆ ಬಸ್ ಹತ್ತಿದ್ರ ಸಂಜಿಮುಂದ ಕೈಗೆ ಬರತೈತಿ. ಆದ್ರ ಒಂದ ಹೆಸರಿನ ಮಾಡೆಲ್ ಸಿಂಗಲ್ ಕ್ಲಚ್ಚಿನ್ಯಾಗೂ ಬಂದಿರತೈತಿ ಡಬಲ್ಲಿನ್ಯಾಗೂ ಬಂದಿರತೈತಿ, ಬಾನೆಟ್ ಮ್ಯಾಲಿನ ಹೆಸರು ಓದಿ ಮೋಸ ಹೋಗಬ್ಯಾಡ್ರಿ. ಇನ್ನ 50 ಎಚ್‌ಪಿ ಮ್ಯಾಲಿನ ಹೊಸಾ ಗಾಡಿಗೆ 2023ರ ಜನವರಿಯಿಂದ ಟ್ರೆಮ್ 4 ಹೊಗಿ ನಿಯಮ ಬಂತು, ಅವುಗಳ ಎಂಜಿನ್ ಕಂಪ್ಯೂಟರ್ ಮ್ಯಾಲೆ ನಡಿತಾವ. ಕೆಟ್ಟ ಗಾಡಿ ಅನ್ನಾಕತ್ತಿಲ್ಲ, ಆದ್ರ ಕೊಯ್ಲಿನ ಟೈಮಿನ್ಯಾಗ ಸೆನ್ಸರ್ ಕೈ ಕೊಟ್ರ ನನ್ನ ಪಾನಾ ಸ್ಕ್ರೂಡ್ರೈವರಲೆ ಏನೂ ನಡ್ಯಂಗಿಲ್ಲ.

ಗೇರೂ ನೋಡ್ಬೇಕು. ಎಂಜಿನ್ ಆರ್‌ಪಿಎಂ ಪಿಟಿಓ 540ಕ್ಕ ಹಿಡದಾಗ ಗಾಡಿ ತಾಸಿಗೆ ಮೂರರಿಂದ ಐದು ಕಿಲೋಮೀಟರ್ ನಡದ್ರ ಬೇಲರ್ ಸಮಾಧಾನದಿಂದ ತಿಂತೈತಿ. ಹಳೇ ಗಾಡ್ಯಾಗ ಒಂದು ಗೇರ್ ಇರಿವಿ ಹರದಂಗ, ಮುಂದಿನ ಗೇರ್ ಓಡೂದ, ನಡುವ ಏನೂ ಇರಂಗಿಲ್ಲ.

ಗಾಡಿ ಹಿಂದ ಯಾವ ಕೆಲಸ ಮಾಡೇತಿ ಅನ್ನೋದು ಯಾವ ವರ್ಷದ್ದು ಅನ್ನೋದಕಿಂತ ದೊಡ್ಡ ಪ್ರಶ್ನೆ. ಗದಗ, ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲದಾಗ ಕಡಲಿ ಜೋಳದ ಮನಿ ಗಾಡಿ ಆಗಿದ್ರ ನನಗ ಇಷ್ಟ, ಕೆಲಸ ವರ್ಷದಾಗ ಕೆಲವು ತಿಂಗಳ ಅಷ್ಟ, ನೀರು ಕಂಡಿರಂಗಿಲ್ಲ, ಏರ್ ಫಿಲ್ಟರಿನ ಧೂಳು ಒಂದ ನೋಡಿದ್ರ ಸಾಕು. ಕಬ್ಬು ಇಲ್ಲಾ ಉಸುಕು ಹೊತ್ತ ಗಾಡಿ ಬ್ಯಾಡ, ಟ್ರೇಲರ್ ಕೊಕ್ಕಿ ಸಿಗಸೋ ತೂತು ತತ್ತಿ ಆಕಾರ ಆಗಿದ್ರ ಏನೂ ಕೇಳೂದ ಬ್ಯಾಡ, ವಾಪಸ್ ಬರ್ರಿ. ಕೆಸರ ಗದ್ದಿ ಗಾಡಿ ವಿಷಯದಾಗ ನಾನ ಬಿದ್ದೇನಿ. ತಮ್ಮನ ಸಲುವಾಗಿ ಒಂದು ತಂದಿದ್ದೆ, ಇಷ್ಟು ವರ್ಷದ ಮೇಸ್ತ್ರಿ ನಾನು, ಎಂಜಿನ್ ಸಪ್ಪಳ ಕೇಳಿ ಮರುಳಾಗಿ ಹಿಂದಿನ ಹೌಸಿಂಗ್ ಬೋಲ್ಟ್ ಬಿಚ್ಚಿ ನೋಡಲಿಲ್ಲ. ಕೆಸರಿನ ಕಬ್ಬಿಣದ ಗಾಲಿ, ಕೇಜ್ ವೀಲ್ ಅಂತಾರಲ್ಲ, ಅದನ್ನ ಹಚ್ಚಿ ವರ್ಷಗಟ್ಲೆ ನೀರಿನ್ಯಾಗ ಓಡಸಿದ ಗಾಡಿ ಅದು, ಸೀಲ್ ಹೋಗಿ ನೀರು ಒಳಗ ಕುಂತಿತ್ತು. ಒಂದು ತಿಂಗಳ ಆದ ಮ್ಯಾಲೆ ಡ್ರೇನ್ ಮಾಡಿದ್ರ ಗೇರ್ ಆಯಿಲ್ ಹಾಲು ಹೆಚ್ಚಾದ ಚಾ ಇದ್ದಂಗ ಬಿತ್ತು. ಬೇರಿಂಗ್ ಎಲ್ಲಾ ಕುಳಿ ಬಿದ್ದಿದ್ದು. ತಮ್ಮ ಈಗೂ ಮನ್ಯಾಗ ಚಾ ಕುಡಿಯೂಮುಂದ ಅದನ್ನ ಎತ್ತತಾನ. ಅದಕ್ಕ, ಅಂಥಾ ಗಾಡಿ ನೋಡಾಕ ಹೋದ್ರ ಕೆಳಗಿನ ಡ್ರೇನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ ನಾಕು ಹನಿ ಬಿಳಿ ಹಾಳಿ ಮ್ಯಾಲೆ ಬೀಳಸ್ರಿ. ನೀರು ತಳಕ್ಕ ಕುಂದರತೈತಿ, ಇದ್ರ ಮೊದಲ ಅದ ಬರತೈತಿ.

ಎಂಜಿನ್ ನೋಡೋದು ಎಲ್ಲಾರಿಗೂ ಗೊತ್ತಿರತೈತಿ, ಆದ್ರ ಒಂದು ತಪ್ಪು ಮಾಡ್ತಾರ, ಸ್ಟಾರ್ಟ್ ಮಾಡಿದ ಗಾಡಿ ನೋಡ್ತಾರ. ತಣ್ಣಗಿದ್ದ ಗಾಡಿ ನಿಮ್ಮ ಕಣ್ಣಮುಂದ ಸ್ಟಾರ್ಟ್ ಆಗಬೇಕು. ಹೋದ ಕೂಡ್ಲೇ ಎಂಜಿನ್ ಮ್ಯಾಲೆ ಕೈ ಇಡ್ರಿ. ಬೆಚ್ಚಗಿದ್ರ, ಮಾರಾಂವ "ಈಗರ ಹೊಲದಿಂದ ಬಂತ್ರಿ" ಅಂದ್ರ, ಟೈರ್ ನೋಡ್ರಿ, ಹೊಸಾ ಮಣ್ಣು ಐತೇನಂತ. ಓಡತಿದ್ದಾಗ ಆಯಿಲ್ ಹಾಕೋ ಮುಚ್ಚಳ ತಗದ್ರ ಅಲ್ಲಿಂದ ಹೊಗಿ ಬುಸ್‌ಬುಸ್ ಅಂತ ಬಂದ್ರ ಪಿಸ್ಟನ್ ರಿಂಗ್ ಮುಗದಾವ. ಸೈಲೆನ್ಸರಿನ್ಯಾಗ ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕತ್ತೈತಿ, ಲೋಡ್ ಬಿದ್ದಾಗ ಒಂದೆರಡು ಸಲ ಕಪ್ಪು ಹೊಗಿ ಬಂದ್ರ ನಾನು ತಲಿ ಕೆಡಸ್ಕೊಳ್ಳಂಗಿಲ್ಲ.

ರೇಡಿಯೇಟರ್ ಮಾತ್ರ ಹುಲ್ಲಿನ ಗಾಡಿಗೆ ಎಲ್ಲಾಕ್ಕಿಂತ ಹೆಚ್ಚು ನೋಡ್ರಿ. ಗಾಡಿ ಮೆಲ್ಲಕ ಹೊಂಟಿರತೈತಿ, ಎಂಜಿನ್ ಜೋರು ತಿರಗತಿರತೈತಿ, ಫ್ಯಾನ್ ಸುತ್ತಲಿನ ಹೊಟ್ಟು ಧೂಳು ಎಲ್ಲಾ ಎಳ್ಕೊಂಡು ಜಾಳಗಿಗೆ ಬಡಿತೈತಿ, ಒಂದು ತಾಸಿನ್ಯಾಗ ಕಂಬಳಿ ಹೊಚ್ಚಿದಂಗ ಆಕ್ಕೈತಿ. ಮುಂದಿನ ಜಾಳಗಿ ಇಲ್ಲದ ಗಾಡಿ ತಂದ್ರ ಮೊದಲ ಅದನ್ನ ಹಾಕಸ್ರಿ. ವೈರಿಂಗ್ ಅಲ್ಲಲ್ಲೆ ಜೋಡಸಿ ಟೇಪ್ ಸುತ್ತಿದ್ರ ಹೊಸಾದ ಎಳಸ್ರಿ, ಒಣ ಹುಲ್ಲಿನ ನಡುವ ಒಂದು ಕಿಡಿ ಬಿದ್ರ ಗಾಡಿ ಬೇಲರ್ ಎರಡೂ ಹೊಕ್ಕಾವ. ನಮ್ಮ ಡ್ರೈವರಗೋಳಿಗೆ ತಾಸಿಗೊಮ್ಮೆ ಇಳದು ಸೈಲೆನ್ಸರ್ ಬುಡದ ಹುಲ್ಲು ತಗೀರಿ, ಒಂದು ಕ್ಯಾನ್ ನೀರು ಇಟ್ಕೊರಿ ಅಂತ ಹೇಳಿ ಹೇಳಿ ಸಾಕಾಗೇತಿ.

ರೌಂಡ್ ಬೇಲರಿನ ಹಿಂದಿನ ಬಾಗಲಾ ತಗ್ಯಾಕ ಹೈಡ್ರಾಲಿಕ್ ಔಟ್‌ಲೆಟ್ ಬೇಕು. ಟಿಪ್ಪರ್ ಟ್ರೇಲರ್ ಹಚ್ಚಿದ ಗಾಡಿಗೆ ಇರತೈತಿ, ಇಲ್ಲದ ಗಾಡಿಗೆ ವಾಲ್ವ್ ಕೂಡಸಾಕ ಬರತೈತಿ, ಇದೊಂದ ಕಾರಣಕ್ಕ ಚಲೋ ಗಾಡಿ ಬಿಡಬ್ಯಾಡ್ರಿ.

ಮನಿಗೆ ಎರಡು ಎತ್ತು, ಎರಡು ಎಮ್ಮಿ, ನಾಕೆಕರೆ ಹೊಲ, ಅದರಾಗ ಜೋಳದ ಕಣಿಕಿ, ಗೋವಿನಜೋಳದ ಸೊಪ್ಪಿ, ಶೇಂಗಾ ಹೊಟ್ಟು ಇಷ್ಟ ಇದ್ದಾವ್ರಿಗೆ ಬೇಲರಿನ ಕನಸು ಯಾಕ್ರಿ? ಕಣಿಕಿ ಸಿವುಡು ಕಟ್ಟಿ ಬಣವಿ ಒಟ್ಟೋದ ಛಲೋ, ಹೊಟ್ಟನ್ನಂತೂ ಪೆಂಡಿ ಕಟ್ಟಾಕ ಆಗಂಗಿಲ್ಲ. ಒಂದು 35 ಎಚ್‌ಪಿ ಗಾಡಿ, ಹಿಂದ ಮೇವು ಕತ್ತರಿಸೋ ಮಷೀನ್, ಸಾಕು. ಅದು ನಿಂತಲ್ಲೆ ತಿರಗಸೋ ಕೆಲಸ, ಸಿಂಗಲ್ ಕ್ಲಚ್ ಇದ್ರೂ ನಡಿತೈತಿ, ಅಂಥಾ ಗಾಡಿ ಅಗ್ಗಕ್ಕೂ ಸಿಗತಾವ. ಭತ್ತದ ಹುಲ್ಲು ಬೇಕಾದ್ರ ಬೇಲರ್ ಬಾಡಿಗಿಗೆ ಕರೀರಿ, ಪೆಂಡಿ ಲೆಕ್ಕದಾಗ ರೊಕ್ಕ ಕೊಟ್ಟು ಕಳಸ್ರಿ.

ರೇಟಿನ ವಿಷಯಕ್ಕ ಒಂದ ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸಾ ಟ್ರ್ಯಾಕ್ಟರ್ ಮ್ಯಾಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳದೈತಿ, ಆದ್ರ ಹಳೇ ಗಾಡಿ ಮಾರಾವ್ರು ತಾವು ಕೊಟ್ಟ ಹಳೇ ಬಿಲ್ ತಗದು ಲೆಕ್ಕಾ ಹೇಳ್ತಾರ. ಇವತ್ತಿನ ಶೋರೂಮ್ ರೇಟ್ ಕೇಳ್ಕೊಂಡ ಹೋಗ್ರಿ.

ಕಾಗದದಾಗ ಆರ್‌ಸಿ ಮ್ಯಾಲೆ ಬ್ಯಾಂಕ್ ಇಲ್ಲಾ ಫೈನಾನ್ಸ್ ಹೆಸರು ಐತೇನಂತ ಮೊದಲ ನೋಡ್ರಿ. ಇದ್ರ ಅವ್ರ ಕಡೆಯಿಂದ ಸಾಲ ಬಾಕಿ ಇಲ್ಲ ಅನ್ನೋ ಎನ್‌ಓಸಿ ಮತ್ತ ಆರ್‌ಸಿ ಮ್ಯಾಲಿಂದ ಅವ್ರ ಹೆಸರು ತಗಿಯೋ ಫಾರಂ 35 ಬರೂತನಾ ಪೂರ್ತಿ ರೊಕ್ಕ ಕೊಡಬ್ಯಾಡ್ರಿ, "ಕಂತು ಎಲ್ಲಾ ಮುಗದಾವ ಸಾಹುಕಾರ್ರ" ಅಂತ ಬಾಯಿಮಾತಿಗೆ ನಂಬಿದಾವ್ರ ಗಾಡಿ ಫೈನಾನ್ಸ್‌ದವ್ರು ರೋಡಿನ್ಯಾಗ ನಿಲ್ಲಸಿ ತಗೊಂಡು ಹೋಗಿದ್ದು ನನ್ನ ಗ್ಯಾರೇಜಿನ ಮುಂದನ ನೋಡೇನಿ. ವರ್ಗಾವಣಿಗೆ ಫಾರಂ 29, 30 ಎರಡಕ್ಕೂ ಸಹಿ ಹಾಕಸ್ಕೊರಿ. ಚಾಸಿ ನಂಬರ್ ಮ್ಯಾಲೆ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿ ಆರ್‌ಸಿಗೆ ಹೊಂದಸಿ ನೋಡ್ರಿ. ಹದಿನೈದು ವರ್ಷ ದಾಟಿದ ಗಾಡಿ ಆದ್ರ ಆರ್‌ಸಿ ರಿನಿವಲ್ ಆಗೇತೋ ಇಲ್ಲೋ ಅದೂ ನೋಡ್ರಿ.

ಶುರುವಿಗೆ ಹೇಳಿದ್ನೆಲ್ಲ, ಪೇಂಟ್ ಚಲೋ ಐತಿ ಅಂದ ಹುಡುಗ, ಅವ ಮರುದಿನ ಮುಂಜಾನೆ ಎಂಟಕ್ಕ ಹೋಗಿ ಅಲ್ಲಿಂದನ ಫೋನ್ ಹಚ್ಚಿದ.

"ಕ್ಲಚ್ ಡಬಲ್ ಐತಿ ಅಣ್ಣಾ, ಕಾಲಿಗೆ ತಡಿ ಸಿಕ್ತು. ಆದ್ರ ನಾ ಬರೂದ್ರಾಗ ಸ್ಟಾರ್ಟ್ ಮಾಡಿ ಇಟ್ಟಿದ್ರು, ಬೆಚ್ಚಗಿತ್ತು."

"ಬಂದ್ ಮಾಡು. ಅಲ್ಲೇ ಚಾ ಕುಡಕೊಂತ ಕುಂದರು. ತಣ್ಣಗಾದ ಮ್ಯಾಲೆ ನೀನ ಸೆಲ್ಫ್ ಹೊಡಿ."

ಮಧ್ಯಾಹ್ನ ಒಂದೂವರಿಗೆ ಮತ್ತ ಮಾಡಿದ. ಎಷ್ಟ್ ಸೆಲ್ಫ್ ಹೊಡದ್ರೂ ಗಾಡಿ ಹತ್ತವಲ್ದು, ಮಾರಾಂವ ಊರ ಹುಡುಗುರನ್ನ ಕರದು ದಬ್ಬಾಕ ಹಚ್ಯಾನಂತ, ಇವನೂ ಒಂದು ಕೈ ಹಾಕಬೇಕೇನಣ್ಣಾ ಅಂತ ಕೇಳಾಕತ್ತಿದ್ದ.