ಕಡಲಿನ ಜೋಡಾಟ

ಆಟಿ ತಿಂಗಳ ಮಳೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆದರೆ ಅಕ್ಕನ ಮನೆಯ ಚಾವಡಿಯಲ್ಲಿ ಕಡಲ ಯುದ್ಧ ಜೋರಾಗಿಯೇ ನಡೆದಿತ್ತು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಕನ ಮಕ್ಕಳಿಬ್ಬರು, ಅಣ್ಣ ಮತ್ತು ತಂಗಿ, ಗಂಗೊಳ್ಳಿಯಿಂದ ಉಳ್ಳಾಲದವರೆಗಿನ ಕರಾವಳಿ ಬರೆದಿದ್ದರು. ಚೆನ್ನೆಮಣೆಯ 56 ಕಾಯಿಗಳೇ ಹಡಗುಗಳು. ಒಬ್ಬೊಬ್ಬರಿಗೆ 28. ದಾಳ ಹಾಕುವುದೇ ಗುಂಡು ಹಾರಿಸುವುದು. ಗುರುತು ಸಿಗಲಿ ಅಂತ ತಂಗಿಯ ಕಾಯಿಗಳಿಗೆ ಸುಣ್ಣದ ಬೊಟ್ಟು. ಒಂದೇ ಸರದಿಯಲ್ಲಿ ಮೂರು ಕಡೆ ಕದನ ಬಿದ್ದಿತ್ತು: ಗಂಗೊಳ್ಳಿ, ಸೈಂಟ್ ಮೇರೀಸ್ ದ್ವೀಪ, ಪಣಂಬೂರು. ಅಲ್ಲೇ ಜಗಳ ಶುರುವಾಯಿತು.

"ಮಾವ, ಇವನು ಯಾವಾಗಲೂ ಮೊದಲು ಗುಂಡು ಹಾರಿಸ್ತಾನೆ. ನನ್ನ ಹಡಗು ಮುಳುಗಿದ ಮೇಲೆ ತಿರುಗಿ ಹೊಡೆಯೋದು ಹೇಗೆ?"

ಮೊದಲು ಹೊಡೆಯುವುದರಲ್ಲಿ ಅಂಥದ್ದೇನು ಲಾಭ ಅಂತ ಅಣ್ಣನ ವಾದ. ನನಗೂ ಅದು ಸಣ್ಣ ವಿಷಯ ಅಂತಲೇ ಅನಿಸಿತ್ತು. ಸುಮ್ನೆ ಒಂದು ಲೆಕ್ಕ ಹಾಕೋಣ ಅಂತ ಪೆನ್ಸಿಲ್ ಹಿಡಿದೆ.

ಎರಡೂ ಕಡೆ ಹತ್ತು ಹಡಗು. ಹತ್ತು ಹಡಗು ಗುಂಡು ಹಾರಿಸಿದರೆ ಸರಾಸರಿ ಎದುರಿನ ಒಂದು ಮುಳುಗುತ್ತದೆ ಅಂತಿಟ್ಟುಕೊಳ್ಳಿ. ಅಣ್ಣ ಮೊದಲು ಹೊಡೆದರೆ ತಂಗಿಗೆ ಉಳಿದದ್ದು ಒಂಬತ್ತು. ಆ ಒಂಬತ್ತು ತಿರುಗಿ ಹೊಡೆದಾಗ ಅಣ್ಣನಿಗೆ ಉಳಿದದ್ದು 9.1. ವ್ಯತ್ಯಾಸ ಬರೀ 0.1. ಆದರೆ ಮುಂದಿನ ಸುತ್ತಿನಲ್ಲಿ ಆ 0.1 ಕೂಡ ಗುಂಡು ಹಾರಿಸುತ್ತದೆ. 8.29ಕ್ಕೆ 8.09. ಅಂತರ ಬೆಳೆಯುತ್ತಾ ಹೋಗುತ್ತದೆ. ಕೊನೆಯಲ್ಲಿ ತಂಗಿಯ ಹಡಗುಗಳೆಲ್ಲ ಮುಳುಗಿರುತ್ತವೆ, ಅಣ್ಣನ ಕೈಯಲ್ಲಿ ಸುಮಾರು ಮೂರು ಉಳಿದಿರುತ್ತವೆ. ಇಬ್ಬರದೂ ಒಂದೇ ಸಂಖ್ಯೆ, ಒಂದೇ ಶಕ್ತಿ. ದಾಳ ಯಾರ ಕೈಗೆ ಮೊದಲು ಬಂತು ಅನ್ನುವುದರಿಂದಲೇ ಇಷ್ಟೆಲ್ಲ!

ಅದಕ್ಕೇ ಒಳ್ಳೆಯ ಆಟಗಳಲ್ಲಿ ಮುಳುಗುವ ಹಡಗಿಗೂ ಆ ಸುತ್ತಿನ ಗುಂಡು ಹಾರಿಸುವ ಹಕ್ಕು ಇರುತ್ತದೆ. ಇಬ್ಬರ ದಾಳವನ್ನೂ ನೋಡಿ, ಆಮೇಲೆ ಒಟ್ಟಿಗೇ ಕಾಯಿ ತೆಗೆಯುವುದು. ಇಂಥ ಆಟ ಆಡಿಸುವ ಕಂಪ್ಯೂಟರ್ ಮಾಡುವುದೂ ಇದನ್ನೇ. ಅದು ನಿಜಕ್ಕೂ ಒಂದೊಂದೇ ಹಡಗಿನ ಲೆಕ್ಕ ಮಾಡುತ್ತದೆ. ಆದರೆ ಎರಡು ಪಟ್ಟಿ ಇಟ್ಟುಕೊಳ್ಳುತ್ತದೆ. ಹಳೆಯ ಪಟ್ಟಿಯನ್ನು ನೋಡಿ ಹೊಸ ಪಟ್ಟಿಯಲ್ಲಿ ಬರೆಯುತ್ತದೆ. ಎಲ್ಲ ಬರೆದು ಮುಗಿಯುವ ತನಕ ಹಳೆಯದನ್ನು ತಿದ್ದುವುದಿಲ್ಲ. ಒಂದಾದ ಮೇಲೊಂದು ಮಾಡಿದ ಕೆಲಸ ನಮಗೆ ಒಂದೇ ಕ್ಷಣದಲ್ಲಿ ನಡೆದಂತೆ ಕಾಣುವುದು ಹೀಗೆ.

ಒಂದು ಕದನದ ಮಾತು ಇದಾಯಿತು. ಒಂದೇ ಹೊತ್ತಿಗೆ ಹಲವು ಕದನ ನಡೆದರೆ? ನಮ್ಮೂರಿನವರಿಗೆ ಯಕ್ಷಗಾನದ ಜೋಡಾಟ ಗೊತ್ತಲ್ವಾ? ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ, ಎರಡೂ ಕಡೆ ಒಟ್ಟಿಗೇ ಚೆಂಡೆ. ಕಡಲ ಕದನಗಳೂ ಹಾಗೇ ಬೇರೆ ಬೇರೆ ಜಾಗದಲ್ಲಿ ನಡೆದರೆ ತೊಂದರೆ ಇಲ್ಲ. ಯಾವುದನ್ನು ಮೊದಲು ಲೆಕ್ಕ ಮಾಡಿದರೂ ಫಲ ಒಂದೇ. ಈ ರಂಗಸ್ಥಳದ ವೇಷಧಾರಿ ಪಕ್ಕದ ರಂಗಸ್ಥಳಕ್ಕೆ ಸಹಾಯಕ್ಕೆ ಹೋಗಬೇಕಾದಾಗ ಮಾತ್ರ ಗಂಟು ಬೀಳುತ್ತದೆ.

1959ರಲ್ಲಿ ಬಂದ ಡಿಪ್ಲೊಮಸಿ ಎಂಬ ಬೋರ್ಡ್ ಆಟದಲ್ಲಿ ಈ ಗಂಟು ಚೆನ್ನಾಗಿ ಕಾಣುತ್ತದೆ. ಅಲ್ಲಿ ದಾಳವೇ ಇಲ್ಲ. ಎಲ್ಲರೂ ಗುಟ್ಟಾಗಿ ಚೀಟಿಯಲ್ಲಿ ಆಜ್ಞೆ ಬರೆದು ಒಟ್ಟಿಗೇ ತೆರೆಯುತ್ತಾರೆ. ಒಂದು ಪಡೆ ಇನ್ನೊಂದಕ್ಕೆ ಬೆಂಬಲ ಕೊಡಬಹುದು. ಆದರೆ ಬೆಂಬಲಕ್ಕೆ ನಿಂತವನ ಮೇಲೆಯೇ ಯಾರಾದರೂ ಬಿದ್ದರೆ ಆ ಬೆಂಬಲ ಕಡಿದುಹೋಗುತ್ತದೆ. ಇದನ್ನು ನಮ್ಮ ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿ. ನನ್ನ ಹಡಗು ಸೈನ್ಯವನ್ನು ಹೊತ್ತು ಉಳ್ಳಾಲಕ್ಕೆ ಇಳಿಸುತ್ತಿದೆ. ಆ ಹಡಗಿನ ಮೇಲೆ ನೀವು ಬೀಳುತ್ತೀರಿ. ನಿಮಗೆ ಬೆಂಬಲ ಬರುತ್ತಿರುವುದು ಅದೇ ಉಳ್ಳಾಲದಿಂದ. ನನ್ನ ಸೈನ್ಯ ಇಳಿಯಿತು ಅಂತಿಟ್ಟುಕೊಂಡರೆ ನಿಮ್ಮ ಬೆಂಬಲ ಕಡಿಯಿತು, ನನ್ನ ಹಡಗು ಉಳಿಯಿತು, ಹಾಗಾಗಿ ಸೈನ್ಯ ಇಳಿಯಿತು. ಇಳಿಯಲಿಲ್ಲ ಅಂತಿಟ್ಟುಕೊಂಡರೆ ಬೆಂಬಲ ಉಳಿಯಿತು, ನನ್ನ ಹಡಗು ಸೋತಿತು, ಹಾಗಾಗಿ ಸೈನ್ಯ ಇಳಿಯಲಿಲ್ಲ. ಎರಡೂ ಸರಿ! ತರ್ಕದಲ್ಲಿ ಎಲ್ಲೂ ತಪ್ಪಿಲ್ಲ, ಆದರೂ ಉತ್ತರ ಒಂದಿಲ್ಲ. ಕೊನೆಗೆ ಆಟದ ನಿಯಮವೇ ಒಂದು ಪಕ್ಷ ಹಿಡಿಯಬೇಕಾಯಿತು: ಹಡಗಿನಲ್ಲಿ ಬರುವ ಸೈನ್ಯ ಇಂಥ ಬೆಂಬಲವನ್ನು ಕಡಿಯುವಂತಿಲ್ಲ. ಕಾಲದಲ್ಲಿ ಹಿಂದೆ ಮುಂದೆ ಅನ್ನುವುದನ್ನು ಅಳಿಸಿಬಿಟ್ಟರೆ ಕಾರಣವೇ ತನ್ನ ಬಾಲ ಹಿಡಿದುಕೊಂಡು ಸುತ್ತುತ್ತದೆ. ನನಗೆ ತುಂಬಾ ಇಷ್ಟವಾದ ಒಗಟು ಇದು.

ಇನ್ನು ಕುಮ್ಮಕ್ಕಿನ ವಿಷಯ. ಈಗ ಪತ್ರಿಕೆಗಳಲ್ಲಿ ಈ ಪದಕ್ಕೆ ಕೆಟ್ಟ ಕೆಲಸಕ್ಕೆ ಪ್ರೇರಣೆ ಅನ್ನುವ ಅರ್ಥವೇ ಜಾಸ್ತಿ. ಮೊದಲಿದ್ದ ಅರ್ಥ ಸಹಾಯಕ್ಕೆ ಬರುವ ದಂಡು. ವರ್ಗ (ಪಟ್ಟಾ) ಜಮೀನಿಗೆ ಆಸರೆಯಾಗಿರುವ ನಮ್ಮ ಕುಮ್ಕಿ ಜಾಗದ ಹೆಸರೂ ಅದೇ ಬೇರಿನದು.

ಆ ದಂಡು ತಡವಾಗಿ ಬಂದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲಾಂಚೆಸ್ಟರ್ ಕಾರು ಕಟ್ಟಿದವರು. 1914ರಲ್ಲಿ ಅವರು ಯುದ್ಧಕ್ಕೊಂದು ಲೆಕ್ಕ ಬರೆದರು. ಅಮೆರಿಕದ ನೌಕಾ ಅಧಿಕಾರಿ ಜೆ. ವಿ. ಚೇಸ್ 1902ರಲ್ಲೇ ಇದನ್ನು ಕಂಡಿದ್ದರು, ಆದರೆ ಅದು ಬಹುಕಾಲ ಗುಟ್ಟಾಗಿತ್ತು. ಎಲ್ಲರೂ ಎಲ್ಲರ ಮೇಲೆ ಗುಂಡು ಹಾರಿಸಬಲ್ಲ ಕದನದಲ್ಲಿ ಪಡೆಯ ಬಲ ಅದರ ಸಂಖ್ಯೆಯ ವರ್ಗದಷ್ಟು. ಹತ್ತು ಹಡಗಿನ ಬಲ 100. ಐದರ ಬಲ 50 ಅಲ್ಲ, 25.

ಈಗ ತಂಗಿಯ ಹತ್ತು ಹಡಗು ಐದೈದಾಗಿ ಎರಡು ಕಂತಿನಲ್ಲಿ ಬಂದವು ಅನ್ನಿ. 100ರಲ್ಲಿ 25 ಕಳೆದರೆ 75. ಎರಡನೆಯ ಕಂತಿಗೆ ಇನ್ನೊಂದು 25 ಕಳೆದರೆ 50. ಅದರ ವರ್ಗಮೂಲ ಸುಮಾರು ಏಳು. ಹತ್ತಕ್ಕೆ ಹತ್ತು ಕಾದಾಡಿದರೂ ಅಣ್ಣನ ಏಳು ಹಡಗು ತೇಲುತ್ತಿವೆ! ಎರಡನೆಯ ಐದು ಬರೀ ಎರಡು ಸುತ್ತು ತಡವಾಗಿ ಕದನದ ನಡುವೆಯೇ ಬಂದು ಸೇರಿದರೆ? ಆಗ ಅಣ್ಣನಿಗೆ ನಾಲ್ಕು ಉಳಿಯುತ್ತವೆ. ಎರಡು ಸುತ್ತಿನ ತಡಕ್ಕೆ ಇಷ್ಟು ಬೆಲೆ.

ರಷ್ಯಾ ಈ ಬೆಲೆ ತೆತ್ತದ್ದು 1905ರಲ್ಲಿ. ಪೋರ್ಟ್ ಆರ್ಥರ್ ಚೀನಾದ ಕರಾವಳಿಯಲ್ಲಿ ರಷ್ಯಾದ ಕೈಯಲ್ಲಿದ್ದ ಬಂದರು. ಜಪಾನಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಅಲ್ಲಿನ ನೌಕಾಪಡೆಗೆ ಕುಮ್ಮಕ್ಕು ಅಂತ ಯುರೋಪಿನಿಂದ ರಷ್ಯಾದ ಬಾಲ್ಟಿಕ್ ಪಡೆ 1904ರ ಅಕ್ಟೋಬರಿನಲ್ಲಿ ಹೊರಟಿತು. ಸುಮಾರು 33,000 ಕಿಲೋಮೀಟರ್ ದಾರಿ. ಅದಿನ್ನೂ ಅರ್ಧ ದಾರಿಯಲ್ಲಿರುವಾಗಲೇ, ಜನವರಿಯಲ್ಲಿ, ಪೋರ್ಟ್ ಆರ್ಥರ್ ಶರಣಾಯಿತು. ಮೇ 27ರಂದು ಸುಶಿಮಾ ಜಲಸಂಧಿಗೆ ಬಂದ ಪಡೆಗೆ ಜೊತೆಗೂಡಲು ಪೋರ್ಟ್ ಆರ್ಥರಿನ ಪಡೆ ಉಳಿದಿರಲಿಲ್ಲ. ಜಪಾನಿನ ಅಡ್ಮಿರಲ್ ಟೋಗೊ ಅಷ್ಟರಲ್ಲಿ ತನ್ನ ಹಡಗುಗಳನ್ನು ದುರಸ್ತಿ ಮಾಡಿಕೊಂಡು ಕಾದಿದ್ದ. ಎರಡು ರಷ್ಯನ್ ಪಡೆಗಳು ಅವನಿಗೆ ಎರಡು ಕಂತಿನಲ್ಲಿ ಸಿಕ್ಕಿದವು. ಬಾಲ್ಟಿಕ್ ಪಡೆ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು.

ಇನ್ನೊಂದು 1944ರ ಅಕ್ಟೋಬರ್ 25, ಫಿಲಿಪೀನ್ಸಿನ ಲೇಟೆ. ಅಮೆರಿಕದ ಅಡ್ಮಿರಲ್ ಹಾಲ್ಸಿ ಉತ್ತರದಲ್ಲಿ ಕಂಡ ಜಪಾನಿ ವಿಮಾನವಾಹಕ ಹಡಗುಗಳ ಹಿಂದೆ ಹೋಗಿದ್ದ. ಅವು ಗಾಳಕ್ಕೆ ಸಿಕ್ಕಿಸಿದ ಎರೆ. ಅದೇ ಬೆಳಿಗ್ಗೆ ಸಮಾರ್ ದ್ವೀಪದ ಹತ್ತಿರ ಅಮೆರಿಕದ ಆರು ಸಣ್ಣ ವಿಮಾನವಾಹಕಗಳು ಜಪಾನಿನ ದೊಡ್ಡ ಯುದ್ಧನೌಕೆಗಳಿಗೆ ಎದುರಾದವು. ಸಹಾಯಕ್ಕೆ ಮೊರೆ ಹೋಯಿತು. ಹಾಲ್ಸಿಯ ಯುದ್ಧನೌಕೆಗಳು ದಕ್ಷಿಣಕ್ಕೆ ತಿರುಗುವಾಗ ಮಧ್ಯಾಹ್ನ ಹತ್ತಿರವಾಗಿತ್ತು. ಉತ್ತರದ ಕದನ ಅವುಗಳ ಕೈತಪ್ಪಿತು. ದಕ್ಷಿಣ ತಲುಪುವ ಹೊತ್ತಿಗೆ ಅಲ್ಲಿನದು ಮುಗಿದಿತ್ತು. ಜೋಡಾಟದ ಎರಡು ರಂಗಸ್ಥಳಗಳ ನಡುವೆ ರಾತ್ರಿಯಿಡೀ ಓಡಾಡಿ ಎರಡೂ ಕಡೆಯ ಪ್ರವೇಶ ತಪ್ಪಿಸಿಕೊಂಡಂತೆ.

ಚಾವಡಿಯಲ್ಲಿ ನಿಯಮ ಬದಲಾಯಿತು. ಮೊದಲು ಇಬ್ಬರೂ ಚೀಟಿ ಬರೆಯಬೇಕು. ಇಬ್ಬರ ದಾಳವೂ ಬಿದ್ದ ಮೇಲೆಯೇ ಕಾಯಿ ತೆಗೆಯಬೇಕು. ದೂರದ ಹಡಗು ಒಂದು ಸರದಿಗೆ ಒಂದೇ ಗೆರೆ ದಾಟಬೇಕು. ಸ್ವಲ್ಪ ಹೊತ್ತಿಗೆ ತಂಗಿಯ ಆರು ಕಾಯಿ ಮಲ್ಪೆಯಲ್ಲಿದ್ದವು, ಇನ್ನಾರು ದಕ್ಷಿಣದಿಂದ ಬಂದು ಕಾಪು ದೀಪಸ್ತಂಭದ ಎದುರು ನಿಂತಿದ್ದವು. ಅಣ್ಣನ ಹತ್ತು ಮಲ್ಪೆಗೆ ಮುಖ ಮಾಡಿದ್ದವು. ಚೀಟಿ ತೆರೆದೆವು. ತಂಗಿ ಮಲ್ಪೆಯನ್ನು ಖಾಲಿ ಬಿಟ್ಟು, ಆರನ್ನೂ ಕಾಪುವಿಗೆ ಇಳಿಸಿದ್ದಳು.