ಗಾಯ ಮಾಯಿಸುವ ಸಕ್ಕರೆ ಸರಪಳಿ

ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಯಾರಿಗಾದರೂ ಕುಡಗೋಲು ತಾಗಿದರೆ ಮದ್ದಿಗಿಂತ ಮೊದಲು ಉಪದೇಶ ಬರುತ್ತದೆ: ‘ಸಿಹಿ ತಿನ್ನಬ್ಯಾಡ, ಗಾಯ ಕೀವಾಗತೈತಿ.’ ಕೀವಾಗುವುದು ರೋಗಾಣುಗಳಿಂದ. ಸಕ್ಕರೆ ಕಾಯಿಲೆ ಇದ್ದವರು ಪಥ್ಯ ಮಾಡಲೇಬೇಕು, ಉಳಿದವರು ಒಂದು ತುಂಡು ಬೆಲ್ಲಕ್ಕೆ ಹೆದರಬೇಕಿಲ್ಲ. ಈ ಹೆದರಿಕೆ ನನಗೆ ಸಂಕಟ ತರುವುದಕ್ಕೆ ಇನ್ನೊಂದು ಕಾರಣವೂ ಇದೆ. ಗಾಯ ಮಾಯಲು ಸಕ್ಕರೆಯ ನೆರವು ಬೇಕೇ ಬೇಕು. ಅದು ನಾವು ತಿನ್ನುವ ಸಕ್ಕರೆಯಲ್ಲ. ಜೀವಕೋಶಗಳು ತಾವೇ ಕಟ್ಟಿ ಮೈಮೇಲೆ ಹೊತ್ತಿರುವ ಹೆಪಾರಾನ್ ಸಲ್ಫೇಟ್ ಎಂಬ ಸಕ್ಕರೆ ಘಟಕಗಳ ಉದ್ದನೆಯ ಸರಪಳಿ.

ಇದರ ಹತ್ತಿರದ ಸಂಬಂಧಿ ಹೆಪಾರಿನ್, ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಿದ್ದ. ಯಕೃತ್ತಿನ ಸಾರದಲ್ಲಿ ಕಂಡದ್ದು ಅದಕ್ಕೆ ತದ್ವಿರುದ್ಧವಾದ ಗುಣ! ಅವನ ಗುರು ವಿಲಿಯಂ ಹೋವೆಲ್ 1918ರಲ್ಲಿ ಹೆಪಾರಿನ್ ಎಂಬ ಹೆಸರು ಕೊಟ್ಟರು. ಜೀವಕೋಶಗಳ ಬೆಳವಣಿಗೆಯ ಕಥೆಯೊಳಗೆ ಅದು ಬಂದದ್ದು 1984ರಲ್ಲಿ. ಫೋಕ್‌ಮನ್ ಮತ್ತು ಕ್ಲಾಗ್ಸ್‌ಬ್ರನ್ ಎಂಬ ವಿಜ್ಞಾನಿಗಳ ತಂಡ ಕ್ಯಾನ್ಸರ್ ಗಡ್ಡೆಯೊಂದರ ಸಾರವನ್ನು ಹೆಪಾರಿನ್ ಅಂಟಿಸಿದ ಕಣಗಳ ಮೇಲೆ ಹರಿಸಿತು. ರಕ್ತನಾಳಗಳನ್ನು ಬೆಳೆಸುವ ಪ್ರೋಟೀನು ಅಲ್ಲೇ ಕಚ್ಚಿಕೊಂಡಿತು. ಬಿಡಿಸಲು ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಗಾಢವಾದ ಉಪ್ಪುನೀರು ಬೇಕಾಯಿತು. ಆ ಬಗೆಯ ಪ್ರೋಟೀನನ್ನು ಇಂದು ಎಫ್‌ಜಿಎಫ್-2 (ಫೈಬ್ರೊಬ್ಲಾಸ್ಟ್ ಗ್ರೋತ್ ಫ್ಯಾಕ್ಟರ್-2) ಎನ್ನುತ್ತೇವೆ.

ಇಷ್ಟು ಬಿಗಿಯಾದ ಹಿಡಿತ ಎಲ್ಲಿಂದ? ಸರಪಳಿಯುದ್ದಕ್ಕೂ ಸಲ್ಫೇಟ್ ಗುಂಪುಗಳಿವೆ, ಎಲ್ಲವೂ ಋಣ ವಿದ್ಯುದಂಶದವು. ಪ್ರೋಟೀನಿನ ಒಂದು ಮಗ್ಗುಲಲ್ಲಿ ಲೈಸಿನ್, ಆರ್ಜಿನಿನ್ ಎಂಬ ಅಮೈನೊ ಆಮ್ಲಗಳ ಧನ ವಿದ್ಯುದಂಶ ಗುಂಪುಗೂಡಿದೆ. ಇವು ಒಂದನ್ನೊಂದು ಸೆಳೆಯುತ್ತವೆ ಎಂದಷ್ಟೇ ಹೇಳಿ ಬಿಡುವವರು ಸೊಗಸಾದ ಭಾಗವನ್ನೇ ಬಿಟ್ಟಂತೆ. ಸರಪಳಿಗೆ ಮೊದಲೇ ಸೋಡಿಯಂ ಅಯಾನುಗಳು ಅಂಟಿಕೊಂಡಿರುತ್ತವೆ. ಪ್ರೋಟೀನು ಬಂದು ಕೂತಾಗ ಅವು ಬಿಡುಗಡೆಯಾಗಿ ಸುತ್ತಲಿನ ನೀರಿನಲ್ಲಿ ಚದುರುತ್ತವೆ. ಹಾಗೆ ಚದುರಿದ್ದರಿಂದ ಹೆಚ್ಚುವ ಎಂಟ್ರೊಪಿಯೂ (ಅವ್ಯವಸ್ಥೆಯ ಅಳತೆ) ಬಂಧವನ್ನು ಗಟ್ಟಿ ಮಾಡುತ್ತದೆ. ಹಾಗೆಂದು ವಿದ್ಯುದಂಶವೊಂದೇ ಸಾಲದು, ಸಲ್ಫೇಟ್ ಯಾವ ಜಾಗದಲ್ಲಿದೆ ಎಂಬುದೂ ಮುಖ್ಯ. ಎಫ್‌ಜಿಎಫ್-2 ಬಿಗಿಯಾಗಿ ಕೂರಲು ಸರಪಳಿಯ ಸಕ್ಕರೆ ಘಟಕಗಳಲ್ಲೊಂದಾದ ಇಡುರಾನಿಕ್ ಆಮ್ಲದ ಎರಡನೆಯ ಕಾರ್ಬನ್ನಿನ ಸಲ್ಫೇಟ್ ಬೇಕು.

1991ರಲ್ಲಿ ಹೆಪಾರಾನ್ ತಯಾರಿಸಲಾಗದ ಹ್ಯಾಮ್‌ಸ್ಟರ್ ಕೋಶಗಳ ಮೇಲೆ ಪ್ರಯೋಗ ನಡೆಯಿತು. ಹೊರಗಿನ ಸಂದೇಶವನ್ನು ಹಿಡಿಯುವ ಅವುಗಳ ಮೈಮೇಲಿನ ಪ್ರೋಟೀನಿಗೆ, ಅಂದರೆ ಗ್ರಾಹಕಕ್ಕೆ, ಎಫ್‌ಜಿಎಫ್-2 ಅಂಟಲೇ ಇಲ್ಲ; ಹೆಪಾರಿನ್ ಬೆರೆಸಿದೊಡನೆ ಅಂಟಿತು. ಅಲ್ಲಿಯವರೆಗೆ ಕೋಶದ ಹೊರಗಿನ ಅಲಂಕಾರದಂತೆ ಕಾಣುತ್ತಿದ್ದ ಸಕ್ಕರೆ, ಸಂದೇಶದ ಪಾಲುದಾರನೇ ಆಯಿತು. ಇಳಕಲ್ ಸೀರೆಯ ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ನೇಕಾರರು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಈ ಸರಪಳಿಯೂ ಹಾಗೆಯೇ ಒಂದು ಬದಿಗೆ ಎಫ್‌ಜಿಎಫ್ ಅನ್ನೂ ಇನ್ನೊಂದು ಬದಿಗೆ ಗ್ರಾಹಕವನ್ನೂ ಹಿಡಿಯುತ್ತದೆ. ಎರಡು ಗ್ರಾಹಕಗಳು ಹೀಗೆ ಜೋಡಿಯಾದಾಗ ಕೋಶದೊಳಗಿನ ಅವುಗಳ ಬಾಲಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಕೋಶ ವಿಭಜನೆಗೆ ಸಜ್ಜಾಗುತ್ತದೆ. ಹೀಗೆ ಹೆಚ್ಚುವ ಕೋಶಗಳಿಂದಲೇ ಗಾಯ ತುಂಬಿಕೊಳ್ಳುವುದು.

ಈ ಜೋಡಣೆಗೆ ಸರಪಳಿಯ ಇನ್ನೊಂದು ಘಟಕವಾದ ಗ್ಲೂಕೋಸಮೀನ್‌ನ ಆರನೆಯ ಕಾರ್ಬನ್ನಿನ ಸಲ್ಫೇಟೂ ಬೇಕು. ಅದನ್ನು ತೆಗೆದ ಹೆಪಾರಿನ್ ಎಫ್‌ಜಿಎಫ್-2 ಅನ್ನು ಹಿಡಿದುಕೊಳ್ಳುತ್ತದೆ, ಆದರೆ ಸಂದೇಶ ಒಳಗೆ ಹೋಗುವುದಿಲ್ಲ. ನಮ್ಮ ದೇಹವೂ ಇದೇ ಉಪಾಯ ಬಳಸುತ್ತದೆ. ಸಲ್ಫ್-1, ಸಲ್ಫ್-2 ಎಂಬ ಕಿಣ್ವಗಳು ಕೋಶದ ಹೊರಗಿದ್ದುಕೊಂಡೇ ಆ ಸಲ್ಫೇಟನ್ನು ಕತ್ತರಿಸಿ ಎಫ್‌ಜಿಎಫ್-2ರ ಬೆಳವಣಿಗೆಯ ಕರೆಯನ್ನು ತಗ್ಗಿಸುತ್ತವೆ.