ಜೆರಾಕ್ಸ್ ಹಾಳೆಯಿಂದ ಚಿತ್ರವನ್ನಷ್ಟೇ ಎತ್ತಿಕೊಳ್ಳುವುದು

ಚಿಕ್ಕವರಿದ್ದಾಗ ನೀವೂ ಇದನ್ನು ಮಾಡಿರಬಹುದು. ಬಿಳಿ ಹಾಳೆಗೆ ಮೇಣದ ಬತ್ತಿ ಉಜ್ಜಿ, ಅದನ್ನು ದಿನಪತ್ರಿಕೆಯಲ್ಲಿ ಬಂದ ಕ್ರಿಕೆಟ್ ಆಟಗಾರನ ಚಿತ್ರದ ಮೇಲೆ ಕವುಚಿ ಹಾಕಿ, ಹಿಂದಿನಿಂದ ಚಮಚದಲ್ಲಿ ಚೆನ್ನಾಗಿ ತಿಕ್ಕುವುದು. ಹಾಳೆ ಎತ್ತಿದರೆ ಆಟಗಾರ ನಮ್ಮ ಹಾಳೆಗೆ ಬಂದಿರುತ್ತಿದ್ದ. ಸ್ವಲ್ಪ ಮಸುಕಾಗಿ, ಮತ್ತೆ ಬಲಗೈ ಆಟಗಾರ ಎಡಗೈ ಆಟಗಾರನಾಗಿ.

ಇದು ಹೇಗೆ ಆಗುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ದಿನಪತ್ರಿಕೆಯ ಶಾಯಿ ಅಂದರೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯಂಥ ಕರಿ ಪುಡಿ. ಅದು ಬಣ್ಣದ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ, ಎಣ್ಣೆ ಕಾಗದದೊಳಗೆ ಇಂಗುತ್ತದೆ ಅಷ್ಟೇ. ಅದಕ್ಕೇ ಬೆಳಿಗ್ಗೆ ಪೇಪರ್ ಓದಿದ ಮೇಲೆ ಬೆರಳು ಕಪ್ಪಾಗುವುದು. ಮೇಣವೂ ಎಣ್ಣೆಯ ಜಾತಿಯದೇ, ಆದ್ದರಿಂದ ಆ ಶಾಯಿ ಮೇಣಕ್ಕೆ ಸುಲಭವಾಗಿ ಹತ್ತಿಕೊಳ್ಳುತ್ತದೆ.

ಈಗ ಮಿಕ್ಸೆಡ್ ಮೀಡಿಯಾ, ಅಂದರೆ ಬೇರೆ ಬೇರೆ ಸಾಮಗ್ರಿ ಬೆರೆಸಿದ ಕಲೆ ಮಾಡುವವರು ಕ್ಯಾನ್ವಾಸ್, ಮರ, ಬಟ್ಟೆ, ಕಲ್ಲಿನ ಮೇಲೆ ಫೋಟೋ ಇಳಿಸುವುದೂ ಇದೇ ಕೆಲಸ. ಹೇಗೆ ಮಾಡಬೇಕು ಅನ್ನುವ ವಿಡಿಯೋಗಳು ಸಾಕಷ್ಟಿವೆ. ಯಾಕೆ ಹಾಗೆ ಅಂತ ಹೇಳುವವರು ಕಡಿಮೆ, ಹಾಗಾಗಿ ಒಂದು ಸಲ ಚಿತ್ರ ಕೆಟ್ಟರೆ ಎಲ್ಲಿ ತಪ್ಪಾಯಿತು ಅಂತ ತಿಳಿಯದೆ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಶುರು ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ: ನನ್ನ ಕೈಯಲ್ಲಿರುವ ಈ ಚಿತ್ರ ಯಾವುದರಿಂದ ಆಗಿದೆ?

ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಪ್ರತಿಯ ಚಿತ್ರ ಪ್ಲಾಸ್ಟಿಕ್‌ನಿಂದ ಆಗಿದೆ. ಹೌದು, ಶಾಯಿ ಅಲ್ಲ. ಟೋನರ್ ಅನ್ನುವುದು ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಅದರ ಒಂದೊಂದು ಕಣವೂ ಹೆಚ್ಚುಕಡಿಮೆ 5ರಿಂದ 10 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಅಂಥ ನೂರಿನ್ನೂರು ಕಣಗಳನ್ನು ಸಾಲಾಗಿ ಇಡಬಹುದು. ಯಂತ್ರದೊಳಗೆ ಸ್ಥಾಯಿ ವಿದ್ಯುತ್ತು ಈ ಪುಡಿಯನ್ನು ಅಕ್ಷರದ ಆಕಾರದಲ್ಲಿ ಕಾಗದದ ಮೇಲೆ ಕೂರಿಸುತ್ತದೆ, ಆಮೇಲೆ ಬಿಸಿ ರೋಲರ್ ಅದನ್ನು ಕರಗಿಸಿ ಒತ್ತುತ್ತದೆ. ಹಾಳೆ ಹೊರಗೆ ಬಂದಾಗ ಬೆಚ್ಚಗಿರುತ್ತದಲ್ಲ, ಅದಕ್ಕೇ.

ಈ ವಿದ್ಯೆ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಅವರು ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ದಾಖಲೆಗಳ ಪ್ರತಿ ಮಾಡಿ ಮಾಡಿ ಸುಸ್ತಾಗಿದ್ದರು, ಸಾಲದ್ದಕ್ಕೆ ಸಂಧಿವಾತ ಬೇರೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ ಅವರು ಮತ್ತು ಅವರ ಸಹಾಯಕ ಆಟೋ ಕಾರ್ನೈ ಒಂದು ಸತುವಿನ ತಗಡಿಗೆ ಗಂಧಕ ಲೇಪಿಸಿ, ಕರವಸ್ತ್ರದಿಂದ ಉಜ್ಜಿ ವಿದ್ಯುತ್ತು ತುಂಬಿದರು. ಗಾಜಿನ ಮೇಲೆ ಆ ದಿನದ ತಾರೀಕು ಮತ್ತು ಊರಿನ ಹೆಸರು ಬರೆದು, ಆ ಗಾಜನ್ನು ತಗಡಿನ ಮೇಲಿಟ್ಟು ಬೆಳಕು ಬಿಟ್ಟರು. ಬೆಳಕು ಬಿದ್ದ ಕಡೆ ವಿದ್ಯುತ್ತು ಸೋರಿಹೋಯಿತು, ಅಕ್ಷರದ ನೆರಳಿದ್ದ ಕಡೆ ಉಳಿಯಿತು. ಮೇಲೆ ಲೈಕೋಪೋಡಿಯಂ ಅನ್ನುವ ಗಿಡದ ನವಿರಾದ ಪುಡಿ ಉದುರಿಸಿ ಊದಿದಾಗ ಅಕ್ಷರಗಳು ಎದ್ದು ಕಂಡವು. ಆಮೇಲೆ ಏನು ಮಾಡಿದರು ಗೊತ್ತಾ? ಮೇಣದ ಕಾಗದ ಒತ್ತಿ, ಬಿಸಿ ಮಾಡಿ, ಪುಡಿಯನ್ನು ಆ ಮೇಣಕ್ಕೆ ಎತ್ತಿಕೊಂಡರು. ಜಗತ್ತಿನ ಮೊದಲ ಜೆರಾಕ್ಸ್ ಪ್ರತಿ ಬಂದಿದ್ದು, ನಾವು ಮೇಣದ ಬತ್ತಿ ಉಜ್ಜಿ ಮಾಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ ಉಪಾಯದಿಂದ.

ಟೋನರ್ ಪ್ಲಾಸ್ಟಿಕ್ ಅಂತ ಗೊತ್ತಾದ ಮೇಲೆ ಮುಂದಿನದೆಲ್ಲ ತಾನಾಗಿ ಹೊಳೆಯುತ್ತದೆ. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ. ಎಂಜಿನಿಯರಿಂಗ್ ಓದಿದವರು ನೆನಪು ಮಾಡಿಕೊಳ್ಳಿ, ಹೊಳಪಿನ ಕಾಗದದ ಮೇಲೆ ಸರ್ಕ್ಯೂಟಿನ ಲೇಸರ್ ಪ್ರಿಂಟ್ ತೆಗೆದು, ತಾಮ್ರದ ಬೋರ್ಡಿನ ಮೇಲೆ ಕವುಚಿ ಇಸ್ತ್ರಿಪೆಟ್ಟಿಗೆ ಒತ್ತಿ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದ್ದೆವು. ಬಿಸಿಗೆ ಮೆತ್ತಗಾದ ಟೋನರ್ ತಾಮ್ರಕ್ಕೆ ಹತ್ತುತ್ತದೆ, ನೀರಿಗೆ ಹಾಕಿದರೆ ಕಾಗದ ಬಿಡುತ್ತದೆ. ಅದೂ ಚಿತ್ರ ಇಳಿಸುವ ಕೆಲಸವೇ, ಕಲಾವಿದರ ಬದಲು ಎಲೆಕ್ಟ್ರಾನಿಕ್ಸ್ ಹುಡುಗರು ಮಾಡಿದ್ದು.

ಪ್ಲಾಸ್ಟಿಕ್ ಕೆಲವು ದ್ರಾವಕಗಳಿಗೂ ಮೆತ್ತಗಾಗುತ್ತದೆ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್‌ನಲ್ಲಿ ಒದ್ದೆ ಮಾಡಿದ ಹತ್ತಿಯನ್ನು ಕವುಚಿದ ಪ್ರಿಂಟಿನ ಬೆನ್ನಿಗೆ ಒತ್ತಿ ಚಮಚದಲ್ಲಿ ತಿಕ್ಕಿದರೆ, ಮೆತ್ತಗಾದ ಟೋನರ್ ಕೆಳಗಿನ ಕಾಗದಕ್ಕೋ ಬಟ್ಟೆಗೋ ಅಂಟುತ್ತದೆ. ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ 1958ರಿಂದ 1960ರವರೆಗೆ ಇಟಲಿಯ ಕವಿ ಡಾಂಟೆಯ ನರಕ ಕಾವ್ಯಕ್ಕೆ 34 ಚಿತ್ರ ಮಾಡಿದ್ದೂ ಇಂಥದೇ ದ್ರಾವಕದ ಉಪಾಯದಿಂದ. ಆಗಿನ ಪತ್ರಿಕೆಗಳ ಚಿತ್ರಗಳನ್ನು ದ್ರಾವಕದಲ್ಲಿ ನೆನೆಸಿ, ಕವುಚಿಟ್ಟು, ಹಿಂದಿನಿಂದ ಗೀಚಿ ಇಳಿಸಿದ್ದು. ಗೀಚಿದ ಕಡೆ ಮಾತ್ರ ಶಾಯಿ ಇಳಿದಿದೆ, ಹಾಗಾಗಿ ಫೋಟೋ ಆಗಿದ್ದದ್ದು ಕೈಯಲ್ಲಿ ಗೀಚಿದ ಚಿತ್ರದ ಹಾಗೆ ಕಾಣುತ್ತದೆ. ಮಸುಕು, ಗೆರೆ, ಅರ್ಧ ಅಳಿಸಿದ ಮುಖ ಎಲ್ಲವೂ ಅಲ್ಲಿ ಚಿತ್ರದ ಜೀವ. ಇದನ್ನು ಮಾಡುವವರು ಕಿಟಕಿ ತೆರೆದಿಡಿ, ಒಲೆ ಮತ್ತು ದೇವರ ದೀಪದಿಂದ ದೂರ ಕೂರಿ. ಅಸಿಟೋನ್ ಆವಿ ಕಣ್ಣಿಗೆ ಕಾಣುವುದಿಲ್ಲ, ಬೆಂಕಿ ಮಾತ್ರ ತಕ್ಷಣ ಹಿಡಿಯುತ್ತದೆ.

ಮನೆಯ ಇಂಕ್‌ಜೆಟ್ ಪ್ರಿಂಟಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ನಿಜವಾದ ಶಾಯಿ, ಹೆಚ್ಚಿನವು ನೀರಿಗೆ ಕರಗುತ್ತವೆ. ಅದಕ್ಕೆ ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಸಾಕು. ಕಾಗದಕ್ಕೆ ತೆಳ್ಳಗೆ ಸವರಿ, ಪ್ರಿಂಟ್ ಕವುಚಿ ಉಜ್ಜಿದರೆ ಜೆಲ್ಲಿನ ಆಲ್ಕೋಹಾಲ್ ಮತ್ತು ನೀರು ಬಣ್ಣವನ್ನು ಎಳೆದುಕೊಳ್ಳುತ್ತವೆ. ಚಿತ್ರ ತಿಳಿಯಾಗಿ ಬರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜೆಲ್ ಮೀಡಿಯಂ ವಿಧಾನ, ಅಂದರೆ ಚಿತ್ರಕಲೆಯ ಅಕ್ರಿಲಿಕ್ ಜೆಲ್ ಬಳಸುವುದು. ಅಜ್ಜಿಯ ಫೋಟೋವನ್ನು ಹಳೆಯ ಹಲಸಿನ ಹಲಗೆಯ ಮೇಲೆ ಇಳಿಸಬೇಕು ಅಂತ ಇದನ್ನು ಕಲಿತೆ. ಮೂಲ ಫೋಟೋವನ್ನು ಮಾತ್ರ ಯಾವತ್ತೂ ಬಳಸಬೇಡಿ, ಕನ್ನಡಿ ಬಿಂಬದ ಹಾಗೆ ತಿರುಗಿಸಿದ ಲೇಸರ್ ಪ್ರಿಂಟ್ ತೆಗೆಸಿಕೊಳ್ಳಿ. ಹಲಗೆಗೆ ಉಪ್ಪುಕಾಗದ ಹಾಕಿ, ಅಕ್ರಿಲಿಕ್ ಜೆಲ್ ಬಳಿದು, ಪ್ರಿಂಟ್ ಕವುಚಿ, ಹಳೆಯ ಎಟಿಎಂ ಕಾರ್ಡಿನಿಂದ ಗಾಳಿಗುಳ್ಳೆ ಹೊರಡಿಸಿ ಒಂದು ಇಡೀ ದಿನ ಬಿಡಬೇಕು. ಜೆಲ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಯಾಕೆಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಅಕ್ರಿಲಿಕ್ ಕಣಗಳು ಬೆಳಕನ್ನು ಚದುರಿಸುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದುಕೊಂಡು, ಗಾಜಿನ ಹಾಗೆ ತಿಳಿಯಾದ ಒಂದೇ ಪದರ ಆಗುತ್ತದೆ. ಟೋನರ್ ಆ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಒಳ್ಳೆಯದು. ಅಕ್ರಿಲಿಕ್ ಜೆಲ್ ದುಬಾರಿ ಅಂತ ಮೊದಲ ಸಲ ಮರಗೆಲಸದ ಬಿಳಿ ಅಂಟು ಬಳಸಿದೆ. ಆ ಜಾತಿಯ ಅಂಟು ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಚಿತ್ರ ಅಂಟಿನ ಸಮೇತ ಜಾರಿ ಬಂತು.

ಒಣಗಿದ ಮೇಲೆ ಕಾಗದ ತೆಗೆಯುವ ಕೆಲಸ. ಕಾಗದದ ನಾರುಗಳನ್ನು ಒಟ್ಟಿಗೆ ಹಿಡಿದಿರುವುದು ಬಹುಪಾಲು ಹೈಡ್ರೋಜನ್ ಬಂಧಗಳು, ಅಂದರೆ ಅಣುಗಳ ನಡುವಿನ ಒಂದು ಬಗೆಯ ದುರ್ಬಲ ಸೆಳೆತ. ನೀರು ಆ ಬಂಧಗಳ ನಡುವೆ ನುಗ್ಗಿದರೆ ಕಾಗದದ ಬಲ ನೂರರಲ್ಲಿ ತೊಂಬತ್ತು ಭಾಗ ಹೋಗಿಬಿಡುತ್ತದೆ. ಟೋನರಿಗೂ ಒಣಗಿದ ಅಕ್ರಿಲಿಕ್‌ಗೂ ನೀರು ಅಷ್ಟಾಗಿ ಏನೂ ಮಾಡುವುದಿಲ್ಲ. ಅದಕ್ಕೇ ಬೆನ್ನಿಗೆ ನೀರು ಚಿಮುಕಿಸಿ ಬೆರಳಿನಲ್ಲಿ ಮೆಲ್ಲಗೆ ಸುತ್ತಿಸಿ ಉಜ್ಜಿದರೆ ಕಾಗದ ಮಾತ್ರ ಸಣ್ಣ ಸಣ್ಣ ಉಂಡೆಯಾಗಿ ಉದುರುತ್ತದೆ, ಅಡಿಯಿಂದ ಚಿತ್ರ ಏಳುತ್ತದೆ. ಆ ಹೊತ್ತು ನಿಜಕ್ಕೂ ಮೈ ಜುಮ್ಮೆನ್ನುತ್ತದೆ. ಆದರೆ ಅವಸರ ಮಾಡಬಾರದು. ನೀರಿನಲ್ಲಿ ಜಾಸ್ತಿ ಹೊತ್ತು ನೆನೆದರೆ ಅಕ್ರಿಲಿಕ್ ಕೂಡ ಸ್ವಲ್ಪ ಮೆತ್ತಗಾಗುತ್ತದೆ. ಎರಡನೇ ಸಲ ಒಂದೇ ಏಟಿಗೆ ಎಲ್ಲ ತೆಗೆಯಲು ಹೋಗಿ ಅಜ್ಜಿಯ ಕೆನ್ನೆಯ ಮೇಲೆ ತೂತಾಯಿತು. ಮೂರನೇ ಸಲ ಉಜ್ಜುವುದು, ಒಣಗಿಸುವುದು, ಮತ್ತೆ ಉಜ್ಜುವುದು, ಹೀಗೆ ನಾಲ್ಕು ಸರತಿ ಮಾಡಿದೆ.

ಇನ್ನೊಂದು ಮಾತು. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಬಣ್ಣ ಇರುವುದಿಲ್ಲ. ಫೋಟೋದಲ್ಲಿ ಬಿಳಿ ಅಂತ ಕಾಣುವುದು ಬರೀ ಕಾಗದ. ಕಾಗದ ಹೋದರೆ ಆ ಜಾಗದಲ್ಲಿ ಮರ ಕಾಣುತ್ತದೆ. ಹಲಸಿನ ಹಳದಿ ಮೈ ಅಜ್ಜಿಯ ನರೆಗೂದಲಿಗೆ ಚೆನ್ನಾಗಿಯೇ ಒಪ್ಪಿತು. ಬೀಟೆಯಂಥ ಕಪ್ಪು ಮರವಾದರೆ ಮೊದಲು ಬಿಳಿ ಬಣ್ಣ ಬಳಿಯಲೇಬೇಕು.

ಎಲ್ಲ ಮುಗಿಯಿತು ಅಂತ ಹಲಗೆ ಒಣಗಲು ಇಟ್ಟರೆ, ಒದ್ದೆಯಿದ್ದಾಗ ಅಷ್ಟು ಚಂದ ಕಂಡ ಚಿತ್ರದ ಮೇಲೆ ಮಂಜು ಕವಿದ ಹಾಗೆ ಆಗುತ್ತದೆ. ಹೊಸಬರು ಹೆದರುವುದು ಇಲ್ಲೇ. ಚಿತ್ರಕ್ಕೆ ಏನೂ ಆಗಿಲ್ಲ, ಕೆಲವು ನಾರುಗಳು ಇನ್ನೂ ಉಳಿದಿವೆ ಅಷ್ಟೇ. ಬೋಂಡಾ ಕಟ್ಟಿದ ಪೇಪರ್ ಎಣ್ಣೆ ಹೀರಿದ ಕಡೆ ಆಚೆಬದಿ ಕಾಣುತ್ತದಲ್ವಾ, ಕಾರಣ ಅದರಲ್ಲೇ ಇದೆ. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವಕ್ರೀಭವನ ಸೂಚ್ಯಂಕದಲ್ಲಿ (ಒಂದು ವಸ್ತುವಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಅಂತ ಹೇಳುವ ಸಂಖ್ಯೆ) ವ್ಯತ್ಯಾಸ ಎಷ್ಟು ಜಾಸ್ತಿಯೋ ಅಷ್ಟು ಚದುರುತ್ತದೆ. ಕಾಗದದ ನಾರಿನದು ಸುಮಾರು 1.53, ಗಾಳಿಯದು 1. ವ್ಯತ್ಯಾಸ ದೊಡ್ಡದು, ಹಾಗಾಗಿ ಒಣ ನಾರು ಬೆಳ್ಳಗೆ ಕಾಣುತ್ತದೆ. ಸಂದಿಯಲ್ಲಿ 1.33ರ ನೀರು ತುಂಬಿದರೆ ಬಿಳುಪು ಕಡಿಮೆಯಾಗುತ್ತದೆ, ನೀರು ಆರಿದರೆ ವಾಪಸ್ ಬರುತ್ತದೆ. ಎಣ್ಣೆಯದು 1.47ರ ಆಸುಪಾಸು, ಅಕ್ರಿಲಿಕ್‌ನದು 1.49. ಎರಡೂ ನಾರಿಗೆ ಹತ್ತಿರ, ಮತ್ತೆ ನೀರಿನ ಹಾಗೆ ಆರಿಹೋಗುವುದಿಲ್ಲ.

ಅದಕ್ಕೇ ಕೊನೆಗೆ ಇನ್ನೊಂದು ಸಲ ಜೆಲ್ಲನ್ನೋ ವಾರ್ನಿಷನ್ನೋ ತೆಳ್ಳಗೆ ಬಳಿಯುವುದು. ನಾನು ಹತ್ತಿಯಲ್ಲಿ ಅಗಸೆ ಎಣ್ಣೆ ಅದ್ದಿ ಒರೆಸಿದೆ. ಮೊದಲು ಕಾಲಿನ ಕಡೆಯಿಂದ ಶುರು ಮಾಡಿದೆ, ಸೀರೆಯ ಅಂಚಿನ ಚೌಕುಳಿ ಒಂದೊಂದಾಗಿ ಬಿಡಿಸಿಕೊಂಡು ಬಂತು, ಆಮೇಲೆ ಕೈಬಳೆ, ಆಮೇಲೆ ಮುಖ.